ಉತ್ತರ ಕೊಡದ ಕಾಕಿ ಮರ

ತೊಮೆಕಿಚಿಗೆ ಆ ಬೆಳಿಗ್ಗೆ ಬಂದದ್ದು ಒಂದು ಸಾಧಾರಣ ಕೆಮ್ಮು. ಒಲೆಯ ಹೊಗೆ ಗಂಟಲಿಗೆ ಹೋಗಿತ್ತು, ಅಷ್ಟೆ. ಕೆಮ್ಮಿದ, ಕಣ್ಣು ಒರೆಸಿಕೊಂಡ, ಗಂಜಿಯ ಬಟ್ಟಲಿಗೆ ಕೈ ಚಾಚಿದ. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಗಂಜಿ ಬಡಿಸುತ್ತಿದ್ದ ಹೆಂಡತಿ ಕಿನು ಸೌಟು ತಡೆದು, "ಗಂಟಲು ಕಟ್ಟಿತಾ?" ಎಂದು ಕೇಳಿಬಿಟ್ಟಳು.

ಇಲ್ಲ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಎದುರಿಗೆ ಕೂತಿದ್ದ ಮಾವ ಗೆಂಜೊ ಗದರಿದ: "ಕಟ್ಟೋದೇನು ಬಂತು! ಇವತ್ತು ಮರಾನ ಕೇಳೋ ದಿನ. ಹೋದ ವರ್ಷ ನೊಣ ಗುಂಯ್ ಅಂದ ಹಾಗೆ ಅಂದೆಯಲ್ಲ, ಹಾಗಂದ್ರೆ ಆಗಲ್ಲ. ಊರಿಗೆಲ್ಲ ಕೇಳಿಸಬೇಕು. ಗೊತ್ತಾಯ್ತೇನೋ?"

ತೊಮೆಕಿಚಿಯ ಬಾಯಿ ಇನ್ನೂ ತೆರೆದೇ ಇತ್ತು. ಅದರೊಳಗೆ ಯಾರೋ ಒಂದು ಯೋಚನೆಯನ್ನು ತುರುಕಿದಂತಾಯಿತು. ಅವನು ಮಾತಾಡಲಿಲ್ಲ. ಬೆರಳಿನಿಂದ ಗಂಟಲು ತೋರಿಸಿ, ತಲೆಯನ್ನು ಅಡ್ಡಡ್ಡ ಆಡಿಸಿ, ಮುಖ ಹುಳ್ಳಗೆ ಮಾಡಿಕೊಂಡ.

"ಇವತ್ತೇ ಹೋಗಬೇಕಿತ್ತಾ ನಿನ್ನ ಗಂಟಲು!" ಎಂದು ಗೆಂಜೊ ಬಟ್ಟಲನ್ನು ಕುಕ್ಕಿದ.

ಹೊಸ ವರ್ಷದ ಹದಿನೈದನೆಯ ದಿನ ನಮ್ಮ ಕಣಿವೆಯಲ್ಲಿ ಮರವನ್ನು ಹೆದರಿಸುವ ದಿನ. ಮನೆಯ ಒಬ್ಬ ಗಂಡಸು ಕೊಡಲಿ ಹಿಡಿದು ಕಾಕಿ ಹಣ್ಣಿನ ಮರದ ಮುಂದೆ ನಿಂತು, "ಕಾಯಿ ಬಿಡ್ತೀಯೋ ಇಲ್ವೋ? ಬಿಡದಿದ್ರೆ ಕಡಿದುಹಾಕ್ತೀನಿ!" ಎಂದು ಅಬ್ಬರಿಸಬೇಕು. ಇನ್ನೊಬ್ಬ ಗಂಡಸು ಮರದ ಹಿಂದೆ ನಿಂತು ಮರದ ಪರವಾಗಿ, "ಬಿಡ್ತೀನಿ, ಬಿಡ್ತೀನಿ!" ಎಂದು ಗೋಗರೆಯಬೇಕು. ಆಮೇಲೆ ತೊಗಟೆಗೆ ಒಂದು ಕಚ್ಚು ಹಾಕಿ, ಕೆಂಪು ಕಾಳಿನ ಗಂಜಿಯನ್ನು ಅದಕ್ಕೆ ಸವರಿ, ಎಲ್ಲರೂ ಒಳಗೆ ಬಂದು ಕಾಲು ಕಾಯಿಸಿಕೊಳ್ಳುತ್ತಾರೆ. ಆಗುವುದಿಲ್ಲ ಎಂದ ಮರವನ್ನು ಇದುವರೆಗೆ ಯಾರೂ ಕಂಡಿಲ್ಲ. ಕೊಡಲಿ ಎದುರಿಗಿದ್ದಾಗ ಯಾರು ತಾನೇ ಹಾಗಂದಾರು?

ಗೆಂಜೊನ ಮನೆಯಲ್ಲಿ ಮಾತ್ರ ಈ ಸಲ ಅದು ಆಟವಾಗಿ ಉಳಿದಿರಲಿಲ್ಲ. ಅವನ ಹೊಲದ ನಡುವೆ ಒಂದು ದೊಡ್ಡ ಕಾಕಿ ಮರ. ಸುತ್ತಲೂ ಜವೆಗೋಧಿ, ಮರದ ಮಗ್ಗುಲಲ್ಲೇ ಆಡಿನ ಕೊಟ್ಟಿಗೆ. ಮರದ ಎಲೆ ಆಡಿಗೆ, ಆಡಿನ ಗೊಬ್ಬರ ಜವೆಗೆ, ಜವೆಯ ಹುಲ್ಲು ಮತ್ತೆ ಮರದ ಬುಡಕ್ಕೆ. "ಒಂದು ತುಂಡು ನೆಲ, ಮೂರು ಬಾಯಿ, ಯಾವುದಕ್ಕೂ ಹಸಿವಿಲ್ಲ" ಎಂದು ಗೆಂಜೊ ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಆ ಮೂರು ಬಾಯಿಗೂ ಹೊತ್ತುಹೊತ್ತಿಗೆ ಉಣಿಸುತ್ತಿದ್ದ ನಾಲ್ಕನೆಯ ಬಾಯಿ ತೊಮೆಕಿಚಿಯದು. ಅದನ್ನು ಗೆಂಜೊ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ತೊಮೆಕಿಚಿ ಮನೆ ಅಳಿಯ. ಘಾಟಿಯ ಆಚೆ ಇದ್ದಿಲು ಸುಡುವವರ ಮನೆಯ ಕೊನೆಯ ಮಗ. ಗಂಡುಮಕ್ಕಳಿಲ್ಲದ ಗೆಂಜೊ ಅವನನ್ನು ಕಿನುವಿಗೆ ತಂದುಕೊಂಡು, ತನ್ನ ಮನೆತನದ ಹೆಸರನ್ನೂ ಕೊಟ್ಟಿದ್ದ. ಬಂದ ವರ್ಷವೇ ತೊಮೆಕಿಚಿ ಹುರುಪಿನಲ್ಲಿ ಆ ಮರದ ಹಳೆಯ ಕೊಂಬೆಗಳನ್ನು ಕಡಿದು, ತನ್ನೂರಿನ ಒಳ್ಳೆಯ ಜಾತಿಯ ಕಡ್ಡಿ ತಂದು ಕಸಿ ಕಟ್ಟಿದ. ಕಸಿ ಹತ್ತಿತು. ಕೊಂಬೆ ಬೆಳೆಯಿತು. ಎಲೆಯಂತೂ ಆಡು ತಿಂದು ಬೇಸರಪಡುವಷ್ಟು ಬಂತು. ವರ್ಷಗಳು ಕಳೆದವು, ಕಾಯಿ ಮಾತ್ರ ಬರಲಿಲ್ಲ. ಅದರ ಜೊತೆಗೆ ಮಕ್ಕಳೂ ಆಗಲಿಲ್ಲ. ಊರಿನವರಿಗೆ ಇನ್ನೇನು ಬೇಕು? "ಗೆಂಜೊ ಮನೆಗೆ ಹೊರಗಿಂದ ತಂದಿದ್ರಲ್ಲಿ ಫಲ ಕೊಟ್ಟಿದ್ದು ಆಡೊಂದೇ" ಎಂದು ಬಾವಿಕಟ್ಟೆಯಲ್ಲಿ ನಗುತ್ತಿದ್ದರು.

ಹೋದ ಶರತ್ಕಾಲದಲ್ಲಿ ಎಲ್ಲರ ಸೂರಿನಡಿಯಲ್ಲೂ ಸಿಪ್ಪೆ ಸುಲಿದ ಕಾಕಿ ಹಣ್ಣುಗಳು ಕಿತ್ತಳೆ ಬಣ್ಣದ ಪರದೆಯಂತೆ ಒಣಗಲು ತೂಗುತ್ತಿದ್ದವು. ಗೆಂಜೊನ ಸೂರಿನಡಿಯಲ್ಲಿ ಬರೀ ಹಗ್ಗ. ಆ ಸಿಟ್ಟಿಗೆ ಸಾಕೆಯ ಅಮಲೂ ಸೇರಿ ಅವನು ನೆರೆದವರ ಮುಂದೆ ಎದೆ ತಟ್ಟಿಕೊಂಡು ಹೇಳಿಬಿಟ್ಟ: "ಬರೋ ಹೊಸ ವರ್ಷ ಈ ಮರ ಸರಿಯಾಗಿ ಉತ್ತರ ಕೊಡ್ಲಿಲ್ಲ ಅಂದ್ರೆ ಮರಾನೂ ಕಡೀತೀನಿ, ಕಸಿ ಕಟ್ಟಿದವನನ್ನೂ ಅವತ್ತೇ ಘಾಟಿ ಹತ್ತಿಸ್ತೀನಿ!"

ಎಲ್ಲರೂ ನಕ್ಕರು. ತೊಮೆಕಿಚಿ ನಗಲಿಲ್ಲ. ಅವನಿಗೆ ಬೇಕಾಗಿದ್ದದ್ದೇ ಅದು.

ಈ ಮನೆ ಅವನಿಗೆ ಸಾಕುಸಾಕಾಗಿತ್ತು. ಆಡಿಗಿಂತ ಮೊದಲು ಏಳಬೇಕು, ಆಡು ಮಲಗಿದ ಮೇಲೆ ಮಲಗಬೇಕು, ನಡುವೆ ಮಾವನ ಬೈಗುಳ ತಿನ್ನಬೇಕು. ಘಾಟಿಯ ಆಚೆ ಅಣ್ಣ ಒಬ್ಬನೇ ಇದ್ದಿಲಿನ ಗೂಡು ಕಾಯುತ್ತಿದ್ದ, ಇನ್ನೊಂದು ಕೈ ಬೇಕು ಎನ್ನುತ್ತಿದ್ದ. ಆದರೆ ತಾನಾಗಿ ಬಿಟ್ಟು ಬಂದ ಮನೆ ಅಳಿಯನಿಗೆ ಹುಟ್ಟಿದ ಮನೆಯಲ್ಲೂ ಬಾಗಿಲು ತೆರೆಯುವುದಿಲ್ಲ, ಅಣ್ಣನ ಮಾನವೂ ಹೋಗುತ್ತದೆ. ಮಾವನೇ ಕಳಿಸಿದರೆ ಮಾತು ಬೇರೆ. ಪಾಪ ಎಂದು ಒಲೆಯ ಹತ್ತಿರ ಜಾಗ ಕೊಡುತ್ತಾರೆ. ಇನ್ನು ಕಿನು. ಅವಳು ಕೆಟ್ಟವಳಲ್ಲ. ಆದರೆ ಮನೆಯ ಗೋಡೆಗಳು ಕಾಗದದವು, ಮಾವನ ಕಿವಿ ಮೊಲದ್ದು. ಗಂಡಹೆಂಡಿರು ಮನಸ್ಸು ಬಿಚ್ಚಿ ಮಾತಾಡಿದ್ದೇ ಇಲ್ಲ. ತಾನು ಹೋದರೆ ಅವಳಿಗೆ ಇನ್ನೊಬ್ಬನನ್ನು ತರುತ್ತಾರೆ, ಅವನೂ ಆಡಿಗೆ ಎಲೆ ಹಾಕುತ್ತಾನೆ ಎಂದು ತೊಮೆಕಿಚಿ ಅಂದುಕೊಂಡಿದ್ದ.

ಹಾಗಾಗಿ ಇವತ್ತು ಅವನು ಮಾಡಬೇಕಾಗಿದ್ದದ್ದು ಒಂದೇ ಕೆಲಸ, ಬಾಯಿ ಮುಚ್ಚಿಕೊಂಡಿರುವುದು. ಅದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಿತ್ತು.

ಗಂಜಿ ಕುಡಿದು ಮುಗಿಯುವ ಮೊದಲೇ ಪಕ್ಕದ ಮನೆಯ ಶಿಗೆ ಅಜ್ಜಿ ಒಳಗೆ ಬಂದಳು. ಕೈಯಲ್ಲಿ ಕೆಂಡದ ಮೇಲೆ ಸುಟ್ಟ ಈರುಳ್ಳಿ ದಂಟುಗಳು ಇನ್ನೂ ಚುಂಯ್‌ಗುಟ್ಟುತ್ತಿದ್ದವು.

"ದನಿ ಹೋಯ್ತಂತಲ್ಲ! ಬಾಯಿ ತೆಗಿ, ನೋಡೋಣ," ಎಂದು ಅವನ ಗಲ್ಲ ಹಿಡಿದು ಒಳಗೆ ಇಣುಕಿದಳು. "ಒಂಚೂರೂ ಕೆಂಪಗಿಲ್ವಲ್ಲೇ ಕಿನು! ಹಾಗಾದ್ರೆ ರೋಗ ಆಳಕ್ಕೆ ಇಳಿದಿದೆ. ಇದು ಕೆಟ್ಟ ಜಾತಿದು."

ಹೇಳಿದವಳೇ ಸುಡುತ್ತಿದ್ದ ದಂಟುಗಳನ್ನು ಅವನ ಕುತ್ತಿಗೆಗೆ ಸುತ್ತಿ, ಮೇಲೆ ಬಟ್ಟೆ ಬಿಗಿದು ಗಂಟು ಹಾಕಿದಳು. ತೊಮೆಕಿಚಿಯ ಜೀವ ಬಾಯಿಗೆ ಬಂತು. ಅಯ್ಯೋ ಎಂದು ಕಿರುಚಿದರೆ ಎಲ್ಲ ಮುಗಿಯಿತು. ಅವನು ಚಾಪೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ, ಕಾಲಿನ ಬೆರಳುಗಳನ್ನೆಲ್ಲ ಮಡಚಿಕೊಂಡು ಕೂತ. ಕಣ್ಣಿನಿಂದ ಧಾರಾಕಾರ ನೀರು ಇಳಿಯಿತು.

"ನೋಡು, ನೋಡು, ರೋಗ ಕಣ್ಣಲ್ಲಿ ಹೊರಗೆ ಬರ್ತಿದೆ," ಎಂದು ಅಜ್ಜಿ ಸಂತೋಷಪಟ್ಟಳು. "ಇನ್ನೊಂದು ಸುತ್ತು ಹಾಕಲಾ?"

ಅವಳ ಹಿಂದೆಯೇ ಯಸುಗೊರೊ ಬಂದ. ಊರಿಗೆ ತೋಫು ಮಾಡಿ ಮಾರುವವನು. ಈ ಮದುವೆ ಕುದುರಿಸಿದವನೂ ಅವನೇ, ಅದಕ್ಕೇ ಎಲ್ಲರಿಗಿಂತ ಹೆಚ್ಚು ಗಾಬರಿಯಾಗಿದ್ದ. ಬಿಸಿ ಸಾಕೆಗೆ ಹಸಿ ಮೊಟ್ಟೆ ಒಡೆದು ಕಲಸಿಕೊಂಡು ತಂದಿದ್ದ.

"ಕುಡಿಯೋ ತೊಮೆ. ನಮ್ಮಜ್ಜ ಸತ್ತು ಅರ್ಧ ದಿನ ಆದ್ಮೇಲೆ ಇದನ್ನ ಕುಡಿಸಿದ್ವಿ, ಮುಖಕ್ಕೆ ಕಳೆ ಬಂದುಬಿಟ್ಟಿತ್ತು."

ತೊಮೆಕಿಚಿ ಕುಡಿದ. ಹೊರಗೆ ಕುತ್ತಿಗೆ ಉರಿಯುತ್ತಿತ್ತು, ಈಗ ಒಳಗೂ ಉರಿಯಿತು. ದನಿ ಮಾತ್ರ ಹೊರಡಲಿಲ್ಲ. ಯಸುಗೊರೊ ಉಳಿದದ್ದನ್ನು ತಾನೇ ಕುಡಿದು ಬಾಯಿ ಒರೆಸಿಕೊಂಡ.

"ಮಾಮ, ನೀವೇ ಮರದ ಪರವಾಗಿ ಒಂದು ಮಾತು ಹೇಳಬಾರ್ದಾ?" ಎಂದು ಕಿನು ಮೆಲ್ಲಗೆ ಕೇಳಿದಳು.

ಯಸುಗೊರೊ ಚೇಳು ಕುಟುಕಿದವನಂತೆ ಹಿಂದೆ ಸರಿದ. "ಅಯ್ಯೋ ತಾಯಿ! ಬೇರೆಯವರ ಮರಕ್ಕೆ ದನಿ ಕೊಟ್ರೆ ನಮ್ಮ ಮರದ ಕಾಯೆಲ್ಲ ಅಲ್ಲಿಗೆ ಹೋಗುತ್ತೆ. ನನ್ನ ಮನೆ ಹಾಳಾಗಬೇಕಾ? ಮೊಟ್ಟೆ ಬೇಕಾ ಕೇಳು, ಇನ್ನೊಂದು ತರ್ತೀನಿ."

"ನಾನು ಹೇಳ್ಲಾ ಅಪ್ಪ?" ಎಂದಳು ಕಿನು.

"ಹೆಂಗಸರ ಉತ್ತರ ನಡೆಯಲ್ಲ," ಎಂದ ಗೆಂಜೊ. "ಕಸಿ ಕಟ್ಟಿದವನೇ ಹೇಳಬೇಕು. ಎಲ್ಲರ ಮುಂದೆ ಮಾತಾಡಿ ಕೂತಿದೀನಿ." ಅವನ ದನಿಯಲ್ಲಿ ಗತ್ತಿತ್ತು, ಆದರೆ ಗಡ್ಡ ಕೆರೆದುಕೊಳ್ಳುತ್ತಿದ್ದ ಬೆರಳುಗಳಲ್ಲಿ ಇರಲಿಲ್ಲ. ಮರ ಕಡಿಯುವ ಆಸೆ ಅವನಿಗೆ ಎಳ್ಳಷ್ಟೂ ಇರಲಿಲ್ಲವೆಂದು ತೊಮೆಕಿಚಿಗೆ ಆಗಲೇ ಗೊತ್ತಾಯಿತು. ಗೊತ್ತಾದರೂ ಬಾಯಿ ಬಿಡಲಿಲ್ಲ. ಇಂಥ ಹಟ ಒಳ್ಳೆಯ ವಿಷಯಕ್ಕೆ ಹಿಡಿದಿದ್ದರೆ ಅವನು ಎಂದೋ ಉದ್ಧಾರವಾಗುತ್ತಿದ್ದ.

ಹೊಲಕ್ಕೆ ಹೊರಟಾಗ ಅರ್ಧ ಊರು ಬಂದು ನಿಂತಿತ್ತು. ತಮ್ಮ ತಮ್ಮ ಮರಗಳನ್ನು ಬೇಗ ಬೇಗ ಹೆದರಿಸಿ ಮುಗಿಸಿ, ಗಂಜಿ ಮೆತ್ತಿದ ಕೈಯಲ್ಲೇ ಓಡಿಬಂದಿದ್ದರು. ತೆಳುವಾದ ಹಿಮದಿಂದ ಜವೆಯ ಎಳೆ ಪೈರು ಹಸಿರಾಗಿ ಇಣುಕುತ್ತಿತ್ತು. ತೊಮೆಕಿಚಿ ಮರದ ಹಿಂದೆ ಹೋಗಿ ನಿಂತ. ಕಿನು ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಳು.

ಗೆಂಜೊ ಕೊಡಲಿ ಎತ್ತಿದ. "ಕಾಯಿ ಬಿಡ್ತೀಯೋ ಇಲ್ವೋ? ಬಿಡದಿದ್ರೆ ಕಡಿದುಹಾಕ್ತೀನಿ!"

ಎಲ್ಲರೂ ಮರದ ಹಿಂದಕ್ಕೆ ಇಣುಕಿದರು. ಮರ ಮಾತಾಡಲಿಲ್ಲ.

"ಬಿಡ್ತೀಯೋ ಇಲ್ವೋ?" ಈ ಸಲ ಅಬ್ಬರಕ್ಕಿಂತ ಬೇಡಿಕೆಯೇ ಹೆಚ್ಚಾಗಿತ್ತು.

ಅಷ್ಟರಲ್ಲಿ ಕೊಟ್ಟಿಗೆಯ ಆಡಿಗೆ ಸುಟ್ಟ ಈರುಳ್ಳಿಯ ವಾಸನೆ ಬಡಿಯಿತು. ಅದು ಹಗ್ಗ ಜಗ್ಗಿಕೊಂಡು ಬಂದು, ಮುಂಗಾಲುಗಳನ್ನು ತೊಮೆಕಿಚಿಯ ಎದೆಯ ಮೇಲಿಟ್ಟು, ಕುತ್ತಿಗೆಯ ಬಟ್ಟೆಗೆ ಬಾಯಿ ಹಾಕಿತು. ಅವನು ಸದ್ದಿಲ್ಲದೆ ಅದನ್ನು ತಳ್ಳಿದ. ಅದು ಸದ್ದಿಲ್ಲದೆ ಮತ್ತೆ ಬಂತು. ಗೆಂಜೊ ಮೂರನೆಯ ಸಲ, "ಹೇಳು, ಬಿಡ್ತೀಯಾ?" ಎಂದು ಕೇಳುವುದಕ್ಕೂ, ತೊಮೆಕಿಚಿ ಆಡಿನ ಕಿವಿ ಹಿಂಡುವುದಕ್ಕೂ ಸರಿಹೋಯಿತು.

"ಮ್ಯಾಆಆ!" ಎಂದಿತು ಮರದ ಹಿಂದಿನಿಂದ.

ಜನ ಗೊಳ್ಳೆಂದರು. ತೊಮೆಕಿಚಿ ಥಟ್ಟನೆ ಆಡಿನ ಕಿವಿ ಬಿಟ್ಟ.

"ಬಂತು ಉತ್ತರ!" ಎಂದು ಯಸುಗೊರೊ ಕುಣಿದ. "ಆಡೂ ಮನೆಯದ್ದೇ ತಾನೆ? ಇಳಿಸು ಕೊಡಲಿ!"

"ಆಡನ್ನ ಸಂತೆಯಿಂದ ತಂದಿದ್ದು," ಎಂದ ಗೆಂಜೊ ಅನುಮಾನದಿಂದ.

"ಅಳಿಯನನ್ನ ಎಲ್ಲಿಂದ ತಂದೆ? ಅವನ ಮಾತು ನಡೆಯುತ್ತೆ, ಇದರದ್ದು ನಡೆಯಲ್ವಾ?" ಎಂದಳು ಶಿಗೆ ಅಜ್ಜಿ. "ಕಾಯಿ ಬಿಡೋ ವಿಷಯದಲ್ಲಿ ಅವನಿಗಿಂತ ಇದರ ಮಾತಿಗೇ ತೂಕ. ಹೋದ ವರ್ಷ ಅವಳಿ ಮರಿ ಹಾಕಿದೆ."

ಗೆಂಜೊ ಒಂದು ಕ್ಷಣ ಆಸೆಯಿಂದ ಆಡಿನ ಮುಖ ನೋಡಿದ. ಆದರೆ ಹಿಂದೆ ಯಾರೋ ಕಿಸಕ್ಕೆಂದರು. "ನಾಳೆಯಿಂದ ಗೆಂಜೊ ಮನೆಗೆ ಆಡೇ ಯಜಮಾನ," ಎಂದು ಇನ್ನೊಬ್ಬ ಪಿಸುಗುಟ್ಟಿದ. ಮುದುಕನ ಕಿವಿ ಮೊಲದ್ದೆಂದು ಹೇಳಿದೆನಲ್ಲ. ಅವನ ಮುಖ ಕೆಂಪಾಯಿತು.

"ಮನುಷ್ಯರ ಉತ್ತರ ಬೇಕು!" ಎಂದು ಗುಡುಗಿದ.

ಆಗ ಶುರುವಾಯಿತು ತೊಮೆಕಿಚಿಯ ಮೇಲೆ ದಾಳಿ. "ಒಂದೇ ಒಂದು ಹೂಂ ಅನ್ನಪ್ಪ," ಎಂದು ಅಜ್ಜಿ ಅವನ ಬೆನ್ನಿಗೆ ಗುದ್ದಿದಳು. "ಕೆಮ್ಮು, ಕೆಮ್ಮಿದ್ರೂ ಸಾಕು," ಎಂದು ಯಸುಗೊರೊ ಅಂಗಲಾಚಿದ. ಅವನು ಎಲ್ಲರಿಗೂ ಕಾಣುವಂತೆ ಜೋರಾಗಿ ತಲೆಯಾಡಿಸಿದ, ಎದೆ ತಟ್ಟಿಕೊಂಡ, ಗಂಟಲು ತೋರಿಸಿಕೊಂಡ. ಅಷ್ಟು ಚೆನ್ನಾಗಿ ಯಾವ ಬಯಲಾಟದವನೂ ನಟಿಸಿಲ್ಲ.

"ತಲೆ ಆಡಿಸ್ತಿದ್ದಾನಲ್ಲ ಅಪ್ಪ, ಸಾಲದಾ?" ಎಂದು ಕಿನು ಕೇಳಿದಳು. ಅವಳ ಕಣ್ಣು ತುಂಬಿತ್ತು.

"ಮರಗಳೂ ಗಾಳಿಗೆ ತಲೆ ಆಡಿಸ್ತವೆ. ಅದನ್ನ ಮಾತು ಅಂತೀವಾ?" ಎಂದ ಗೆಂಜೊ. ಆಮೇಲೆ ಯಾರಿಗೂ ಅಲ್ಲವೆಂಬಂತೆ ಹೇಳಿದ: "ಎಲ್ಲರ ಮುಂದೆ ಆಡಿದ್ದು. ಈಗ ಹಿಂದಕ್ಕೆ ತಗೊಂಡ್ರೆ ಮನುಷ್ಯರಿರಲಿ, ಮರವೂ ನನಗೆ ಹೆದರಲ್ಲ."

ಮೊದಲ ಏಟು ಬಿತ್ತು. ತೊಮೆಕಿಚಿಯ ನಾಲಿಗೆಯ ತುದಿಗೆ ಮಾತು ಬಂದಿತ್ತು, ಬಂದದ್ದನ್ನು ನುಂಗಿಕೊಂಡ. ಅದು ಸುಟ್ಟ ದಂಟಿಗಿಂತ ಹೆಚ್ಚು ಸುಟ್ಟಿತು. ಸೂರ್ಯ ನೆತ್ತಿ ದಾಟುವವರೆಗೆ ಗೆಂಜೊ ಮತ್ತು ಯಸುಗೊರೊ ಸರದಿಯ ಮೇಲೆ ಕಡಿದರು. ಗಂಜಿಯ ಬಟ್ಟಲು ಕಿನುವಿನ ಕೈಯಲ್ಲೇ ತಣ್ಣಗಾಗಿ ಕೆನೆ ಕಟ್ಟಿತು. ಕೊನೆಗೆ ಮರ ಒಂದು ಸಲ ನರಳಿ, ಜವೆಯ ಮೇಲೆ ಉದ್ದಕ್ಕೆ ಮಲಗಿತು. ಮಲಗುವಾಗ ಕೊಟ್ಟಿಗೆಯ ಸೂರನ್ನೂ ಎಳೆದುಕೊಂಡಿತು. ಆಡು ಹಗ್ಗ ಹರಿದುಕೊಂಡು ಮನೆಯೊಳಗೆ ಓಡಿತು. ಯಾರೂ ನಗಲಿಲ್ಲ. ಒಂದು ತುಂಡು ನೆಲದ ಮೂರು ಬಾಯಿಗಳಲ್ಲಿ ಒಂದು ಸತ್ತಿತ್ತು, ಒಂದು ಅದರಡಿ ಸಿಕ್ಕಿತ್ತು, ಇನ್ನೊಂದಕ್ಕೆ ಮನೆ ಇರಲಿಲ್ಲ.

ತೊಮೆಕಿಚಿ ಬಟ್ಟೆ ಕಟ್ಟಿಕೊಳ್ಳಲು ಒಳಗೆ ಹೋದ. ಗೆದ್ದಿದ್ದ, ಆದರೆ ಗೆದ್ದ ಹಾಗೆ ಅನ್ನಿಸಲಿಲ್ಲ. ಎರಡು ಅಂಗಿ, ಒಂದು ಕಸಿ ಕಟ್ಟುವ ಚಾಕು. ಗಂಟು ಕಟ್ಟಿ ತಿರುಗಿದರೆ ಬಾಗಿಲಲ್ಲಿ ಕಿನು ನಿಂತಿದ್ದಳು. ಅವಳ ಕೈಯಲ್ಲೂ ಒಂದು ಗಂಟು.

"ಅಪ್ಪ ಹೊಲದಲ್ಲಿದ್ದಾರೆ, ಅದಕ್ಕೇ ಈಗ ಹೇಳ್ತೀನಿ," ಎಂದಳು ಅವಸರವಾಗಿ. "ನಾನೂ ಬರ್ತೀನಿ. ಶರತ್ಕಾಲದಲ್ಲಿ ಅಪ್ಪ ಆ ಮಾತು ಆಡಿದಾಗಲೇ ತೀರ್ಮಾನ ಮಾಡಿದ್ದೆ. ನಿಮ್ಮನ್ನ ಬೈದು ಬೈದು ಇಟ್ಟಿರೋದನ್ನ ನೋಡೋಕೆ ನನಗೂ ಆಗ್ತಿರಲಿಲ್ಲ. ಇದ್ದಿಲು ಸುಡೋದು ಕಲೀತೀನಿ. ಮುಖ ಕಪ್ಪಾದ್ರೆ ಆಗ್ಲಿ."

ತೊಮೆಕಿಚಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಇಷ್ಟು ವರ್ಷ ಒಂದೇ ಒಲೆಯ ಬಿಸಿಗೆ ಕೈ ಚಾಚಿಕೊಂಡು ಕೂತವಳು ಇವಳೇನಾ? ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಘಾಟಿ ಹತ್ತಿ ಇಳಿಯುವ ತನಕ ಮಾತ್ರ ಮೂಕನಾಗಿದ್ದರೆ ಸಾಕು. ಆಮೇಲೆ ಬದುಕಿಡೀ ಇವಳ ಜೊತೆ ಮಾತಾಡಬಹುದು. ಅವನು ಅವಳ ಗಂಟನ್ನೂ ತನ್ನ ಹೆಗಲಿಗೇ ಹಾಕಿಕೊಂಡ. ಇಬ್ಬರೂ ಅಂಗಳಕ್ಕೆ ಬಂದರು.

ಹೊಲದಿಂದ ಬಂದ ಎಲ್ಲರೂ ಅಂಗಳದಲ್ಲಿ ಗುಂಪುಗೂಡಿದ್ದರು. ಗೆಂಜೊನ ಕೈಯಲ್ಲಿ ಬಿದ್ದ ಮರದ ಒಂದು ಟೊಂಗೆ ಇತ್ತು. ಶಿಗೆ ಅಜ್ಜಿ ಅದರ ತುದಿಗಳನ್ನು ಒಂದೊಂದಾಗಿ ಸವರುತ್ತಿದ್ದಳು.

"ಮೊಗ್ಗು ನೋಡ್ರೋ," ಎಂದಳು. "ಎಷ್ಟು ದಪ್ಪಗಿದೆ. ಇದು ಎಲೆ ಮೊಗ್ಗಲ್ಲ, ಕಾಯಿ ಮೊಗ್ಗು. ತುದಿ ತುದಿಗೂ ಇದೆ. ಈ ವರ್ಷ ಮರ ಮುರಿಯೋ ಹಾಗೆ ಬಿಡ್ತಿತ್ತು."

ತೊಮೆಕಿಚಿ ಹತ್ತಿರ ಹೋಗಿ ನೋಡಿದ. ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಸಿ ಕಟ್ಟಿದ ಕೈ ಅದು. ತಾನು ಒಂದು ಉಸಿರು ಹೊರಗೆ ಬಿಟ್ಟಿದ್ದರೆ ಸಾಕಿತ್ತು, ಇದು ಬದುಕಿರುತ್ತಿತ್ತು. ಅವನಿಗೆ ಅತ್ತುಬಿಡಬೇಕೆನಿಸಿತು, ಆದರೆ ಅಳುವಿಗೂ ಸದ್ದು ಇರುತ್ತದಲ್ಲ.

"ನಿನ್ನ ಕಸಿಯಲ್ಲಿ ತಪ್ಪಿರಲಿಲ್ಲ," ಎಂದ ಗೆಂಜೊ. ಮುದುಕನ ಕೆನ್ನೆ ಒದ್ದೆಯಾಗಿತ್ತು. ಊರಿನವರು ಅದನ್ನು ಮೊದಲ ಸಲ ನೋಡುತ್ತಿದ್ದರು. "ಮರದ್ದೂ ತಪ್ಪಿರಲಿಲ್ಲ. ಪಾಪ, ಗಂಟಲು ಕೈಕೊಟ್ಟವನನ್ನ ನಿಲ್ಲಿಸಿಕೊಂಡು, ನಾನು ನನ್ನ ಜಂಭಕ್ಕೆ ಕಡಿದೆ. ತಪ್ಪು ನನ್ನದು ಕಣಯ್ಯ. ಕಸಿ ಸರಿ ಇಲ್ಲ ಅಂತ ತಾನೇ ನಿನ್ನ ಕಳಿಸ್ತೀನಿ ಅಂದಿದ್ದು? ಈಗ ಯಾವ ಮುಖ ಇಟ್ಕೊಂಡು ಕಳಿಸಲಿ? ಇಂಥ ಕೈ ಈ ಕಣಿವೆಯಲ್ಲೇ ಇಲ್ಲ. ಗಂಟು ಇಳಿಸು. ನೀನು ಎಲ್ಲಿಗೂ ಹೋಗೋ ಹಾಗಿಲ್ಲ."

"ಭೇಷ್!" ಎಂದು ಯಸುಗೊರೊ ಕಣ್ಣೊರೆಸಿಕೊಂಡ. ತಾನು ಕುದುರಿಸಿದ ಮದುವೆ ಉಳಿದಿತ್ತು.

ಕಿನು ಅಪ್ಪನ ಒದ್ದೆ ಕೆನ್ನೆಯನ್ನೇ ನೋಡುತ್ತಿದ್ದಳು. ಆಮೇಲೆ ಗಂಡನ ಹೆಗಲಿನಿಂದ ಮೊದಲು ತನ್ನ ಗಂಟನ್ನು, ನಂತರ ಅವನದನ್ನು ಇಳಿಸಿಕೊಂಡಳು. "ಇನ್ಮೇಲೆ ಅಪ್ಪ ಬೈಯಲ್ಲ ಬಿಡಿ," ಎಂದು ಅವನ ಕಿವಿಯಲ್ಲಿ ನಗುತ್ತಾ ಹೇಳಿ ಒಳಗೆ ಹೋದಳು. ಒಳಗೆ ಅವಳು ಗಂಟು ಬಿಚ್ಚುವುದು ಕಾಗದದ ಗೋಡೆಯಾಚೆಯಿಂದ ಚೆನ್ನಾಗಿ ಕೇಳಿಸಿತು.

ತೊಮೆಕಿಚಿ ಬಾಯಿ ತೆರೆದ. ಎಲ್ಲರೂ ಆಸೆಯಿಂದ ಅವನನ್ನು ನೋಡಿದರು. ನಿಜ ಹೇಳಿದರೆ ಈಗಲೇ ಕಳಿಸುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಬೇಕೆಂದೇ ಮರ ಕೊಲ್ಲಿಸಿದವನೆಂದು ಕಳಿಸುತ್ತಾರೆ. ಅಂಥವನ ಹಿಂದೆ ಕಿನು ಬರುವುದಿಲ್ಲ, ಅಣ್ಣ ಬಾಗಿಲು ತೆರೆಯುವುದಿಲ್ಲ. ಅವನು ಬಾಯಿ ಮುಚ್ಚಿಕೊಂಡ.

"ಆಯಾಸ ಮಾಡ್ಕೋಬೇಡ," ಎಂದು ಗೆಂಜೊ ಅವನ ಬೆನ್ನು ಸವರಿದ. "ಆಡಿಗೆ ಇವತ್ತು ನಿನ್ನ ಕೋಣೆಯಲ್ಲೇ ಜಾಗ ಮಾಡು. ಜವೆಯ ಮೇಲೆ ಬಿದ್ದ ಕೊಂಬೆ ಎತ್ತಿ ಹಾಕು. ಬುಡ ಅಗೆದು ತೆಗೆದು, ಅಲ್ಲೇ ಹೊಸ ಸಸಿ ನೆಡು. ನೀನೇ ಕಸಿ ಕಟ್ಟಬೇಕು, ಬೇರೆ ಯಾರ ಕೈಗೂ ಕೊಡಲ್ಲ. ಕಾಕಿ ಸಸಿ ಫಲಕ್ಕೆ ಬರೋಕೆ ಎಂಟು ವರ್ಷ ಬೇಕು. ಅಲ್ಲೀವರೆಗೆ ಮರಾನ ಕೇಳೋದೂ ಬೇಡ, ನಿನ್ನ ಕಳಿಸೋ ಮಾತೂ ಬೇಡ. ಎಂಟು ವರ್ಷ ಆದ್ಮೇಲೆ ಮತ್ತೆ ಕೇಳೋಣ. ಅಷ್ಟರೊಳಗೆ ನಿನ್ನ ಗಂಟಲೂ ವಾಸಿಯಾಗಿರುತ್ತೆ."

ಹೇಳಿ, ಗುದ್ದಲಿಯನ್ನು ತಂದು ಅಳಿಯನ ಕೈಗೆ ಪ್ರೀತಿಯಿಂದ ಕೊಟ್ಟ.